ಇಲ್ಲದವರಿಗೆ ಬರೆದ ಕಾಗದಗಳು

ಅಧ್ಯಕ್ಷರಿಗೆ, ಎದುರಿಗೆ ಕೂತಿರುವ ಹಿರಿಯರಿಗೆ, ಗೆಳೆಯರಿಗೆ, ಮುಂದಿನ ಸಾಲು ಹಿಡಿದು ಕೂತಿರುವ ಮಕ್ಕಳಿಗೆ ನಮಸ್ಕಾರ.

ಇವತ್ತು ನಾನು ಬೇರೆಯೇ ಮಾತು ಸಿದ್ಧ ಮಾಡಿಕೊಂಡು ಬಂದಿದ್ದೆ. ವಿಜ್ಞಾನ ಕಥೆ ಟಿವಿಗೆ ಹೇಗೆ ಬಂತು, ಎಲ್ಲಿಂದ ಎಲ್ಲಿಗೆ ಬೆಳೆಯಿತು ಅಂತ ಆರು ಪುಟ ಟಿಪ್ಪಣಿ ಇದೆ. ಅದನ್ನು ಮಡಚಿ ಜೇಬಿಗೆ ಹಾಕಿದ್ದೇನೆ. ಒಳಗೆ ಬರುವಾಗ ಬಾಗಿಲ ಹತ್ತಿರ ಒಬ್ಬ ಹುಡುಗ ನನ್ನನ್ನು ನಿಲ್ಲಿಸಿದ. ನನ್ನ ಅಂಗಿಯ ಮೇಲೆ ಸ್ಟಾರ್ ಟ್ರೆಕ್ ಬಿಲ್ಲೆ ಇದೆಯಲ್ಲ, ಅದನ್ನು ನೋಡಿ ಕೇಳಿದ. "ಸರ್, ಸ್ಪಾಕ್ ಅನ್ನೋನು ಇಲ್ಲವೇ ಇಲ್ಲ. ಕರ್ಕ್ ಇಲ್ಲ, ಆ ಹಡಗೂ ಇಲ್ಲ. ಇಲ್ಲದವರನ್ನ ಜನ ಇಷ್ಟು ವರ್ಷ ಹೇಗೆ ಪ್ರೀತಿಸ್ತಾರೆ? ಆ ಪ್ರೀತಿ ಎಲ್ಲಿಗೆ ಹೋಗುತ್ತೆ?"

ಗೇಲಿ ಮಾಡಲು ಕೇಳಿದ್ದಲ್ಲ. ತಿಳಿಯಬೇಕು ಅಂತಲೇ ಕೇಳಿದ. ಆ ಪ್ರೀತಿ ಎಲ್ಲಿಗೆ ಹೋಗುತ್ತೆ! ಎಷ್ಟು ಒಳ್ಳೆಯ ಪ್ರಶ್ನೆ ನೋಡಿ. ನಿಂತ ನಿಲುವಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಅವನು ಈಗ ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಹಾಗಾಗಿ ಇವತ್ತಿನ ಮಾತೆಲ್ಲ ಅವನಿಗೆ. ನೀವೆಲ್ಲ ಜೊತೆಗೆ ಕೇಳಿಸಿಕೊಳ್ಳಿ.

ಸ್ಟಾರ್ ಟ್ರೆಕ್ ಸರಣಿಯ ಹಿನ್ನೆಲೆ ನಿಮಗೆ ಗೊತ್ತಿರುವುದೇ. ಒಂದು ಬಾಹ್ಯಾಕಾಶ ಹಡಗು, ಅದರ ಕ್ಯಾಪ್ಟನ್ ಕರ್ಕ್, ಜೊತೆಗೆ ಸ್ಪಾಕ್. ಸ್ಪಾಕ್‌ನ ಅಪ್ಪ ವಲ್ಕನ್ ಅನ್ನುವ ಬೇರೆ ಗ್ರಹದವನು, ಅಮ್ಮ ಭೂಮಿಯವಳು. 1966ರ ಸೆಪ್ಟೆಂಬರ್ 8ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಶುರುವಾಯಿತು. 1969ರ ಜೂನ್ 3ಕ್ಕೆ ಮುಗಿಯಿತು. ಮೂರೇ ಸೀಸನ್, 79 ಕಂತು. ಅಷ್ಟೇ. ಅದರ ಸುತ್ತ ಹುಟ್ಟಿದ ಕಾಗದಗಳಲ್ಲಿ ನಾಲ್ಕರ ಕಥೆ ಹೇಳುತ್ತೇನೆ.

ಮೊದಲನೆಯದು 1968ರದ್ದು. ಹದಿಹರೆಯದ ಹುಡುಗಿಯರಿಗಾಗಿ ಬರುತ್ತಿದ್ದ 'ಫೇವ್' ಎಂಬ ಪತ್ರಿಕೆಗೆ ಒಬ್ಬ ಹುಡುಗಿ ಕಾಗದ ಬರೆದಳು. ಬರೆದದ್ದು ನಟ ಲೆನಾರ್ಡ್ ನಿಮೊಯ್ ಅವರಿಗಲ್ಲ, ನೇರವಾಗಿ ಮಿಸ್ಟರ್ ಸ್ಪಾಕ್‌ಗೆ. ಅವಳ ತಾಯಿ ಕಪ್ಪು ಜನಾಂಗದವರು, ತಂದೆ ಬಿಳಿಯರು. ನೀವೂ ಅರ್ಧ ವಲ್ಕನ್, ಅರ್ಧ ಮನುಷ್ಯ, ಅದಕ್ಕಾಗಿ ನೀವೂ ನೊಂದಿದ್ದೀರಿ ಅಂತ ನನಗೆ ಗೊತ್ತು ಎಂದು ಶುರುಮಾಡುತ್ತಾಳೆ. ಕಪ್ಪು ಮಕ್ಕಳು ನೀನು ನಮ್ಮ ಹಾಗಿಲ್ಲ ಅಂತಾರೆ. ಬಿಳಿ ಮಕ್ಕಳೂ ಅದನ್ನೇ ಅಂತಾರೆ. ನನಗೆ ಗೆಳೆಯರು ಯಾವತ್ತೂ ಸಿಗುವುದಿಲ್ಲವೇನೋ. ಹೀಗೆ ಹೋಗುತ್ತದೆ ಆ ಕಾಗದ.

ಆ ಹೊತ್ತು ಎಂಥದ್ದು ನೆನಪು ಮಾಡಿಕೊಳ್ಳಿ. ಹಿಂದಿನ ವರ್ಷದ ಜೂನ್‌ವರೆಗೂ, ಅಂದರೆ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಬರುವವರೆಗೂ, ಅಮೆರಿಕದ 16 ರಾಜ್ಯಗಳಲ್ಲಿ ಆ ಹುಡುಗಿಯ ಅಪ್ಪ ಅಮ್ಮನಂಥವರ ಮದುವೆಗೆ ಕಾನೂನೇ ಅಡ್ಡ ನಿಂತಿತ್ತು. ಅಂಥ ದೇಶದಲ್ಲಿ ಒಂದು ಮಗು ತನ್ನ ಸಂಕಟ ಹೇಳಿಕೊಳ್ಳಲು ಯಾರನ್ನು ಹುಡುಕಿತು? ಅಕ್ಕಪಕ್ಕದಲ್ಲಿ ಯಾರೂ ಕಾಣಲಿಲ್ಲವೇನೋ. ಟಿವಿಯಲ್ಲಿ ಚೂಪು ಕಿವಿಯ ಒಬ್ಬ ಕಂಡ.

ಉತ್ತರ ಬಂತು. ನಿಮೊಯ್ ಅವರೇ ಪತ್ರಿಕೆಯಲ್ಲಿ ದೀರ್ಘವಾಗಿ ಬರೆದರು. ಧೈರ್ಯವಾಗಿರು ಮಗು, ಎಲ್ಲ ಸರಿಹೋಗುತ್ತದೆ ಅಂತ ಎರಡು ಸಾಲು ಗೀಚಿ ಕಳಿಸಲಿಲ್ಲ. ಸ್ಪಾಕ್‌ನ ಬಾಲ್ಯದ ಕಥೆ ಹೇಳಿದರು. ಅವನನ್ನೂ ವಲ್ಕನ್ ಹುಡುಗರು ಹತ್ತಿರ ಸೇರಿಸುತ್ತಿರಲಿಲ್ಲ. ಎಲ್ಲರೂ ಮೆಚ್ಚಬೇಕು ಅನ್ನುವ ಹಂಬಲವನ್ನು ಅವನು ಹೇಗೆ ಬಿಟ್ಟ, ಜನಪ್ರಿಯ ಆಗುವುದಕ್ಕೂ ನಿಜವಾಗಿ ದೊಡ್ಡವನಾಗುವುದಕ್ಕೂ ಇರುವ ವ್ಯತ್ಯಾಸ ಅವನಿಗೆ ಹೇಗೆ ತಿಳಿಯಿತು, ಅದನ್ನೆಲ್ಲ ನಿಧಾನವಾಗಿ ವಿವರಿಸಿದರು. ಹುಡುಗಿಯ ಪ್ರಶ್ನೆಯನ್ನು ಅವಳು ಕೇಳಿದ ಲೋಕದ ಒಳಗಿನಿಂದಲೇ ಉತ್ತರಿಸಿದರು.

ಮೂರನೇ ಸಾಲಿನ ಗೆಳೆಯ, ಇದನ್ನು ನೆನಪಿಟ್ಟುಕೋ. ಇಲ್ಲದವನಿಗೆ ಕಾಗದ ಹೋಯಿತು. ಉತ್ತರ ಬಂತು. ಇವತ್ತು ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಇಲ್ಲಿ ಒಂದು ತಮಾಷೆಯ ವಿಷಯ ಇದೆ. ಅದೇ ಕಿವಿಗಳನ್ನು ಕಂಡು ವಾಹಿನಿಯವರು ಹೆದರಿದ್ದರು. ಜಾಹೀರಾತುದಾರರಿಗೆ ಹಂಚಲು ಮಾಡಿಸಿದ ಪುಸ್ತಿಕೆಯಲ್ಲಿ ಸ್ಪಾಕ್‌ನ ಫೋಟೋ ತಿದ್ದಿ ಚೂಪು ಕಿವಿಯನ್ನೂ ಮೇಲಕ್ಕೆ ಹೋಗುವ ಹುಬ್ಬನ್ನೂ ಅಳಿಸಿಬಿಟ್ಟಿದ್ದರು! ಸರಣಿ ಶುರುವಾಗಿ ಸ್ವಲ್ಪ ದಿನಕ್ಕೇ ಆ ಕಿವಿಗಳಿಗೆ ಮೂಟೆಗಟ್ಟಲೆ ಕಾಗದ ಬರತೊಡಗಿತು. ಯಾವುದನ್ನು ಅಳಿಸಿದ್ದರೋ ಅದಕ್ಕೇ ಜನ ಮನಸೋತಿದ್ದರು.

ನಿಮೊಯ್ ಬಾಸ್ಟನ್ನಿನವರು. ಉಕ್ರೇನಿನಿಂದ ವಲಸೆ ಬಂದ ಯಹೂದಿ ದಂಪತಿಯ ಮಗ. ಸ್ಪಾಕ್‌ನ ಆ ಕೈ ಸನ್ನೆ ಗೊತ್ತಲ್ವಾ, ನಡುಬೆರಳಿಗೂ ಉಂಗುರಬೆರಳಿಗೂ ನಡುವೆ ಜಾಗ ಬಿಟ್ಟು ಅಂಗೈ ತೋರಿಸುವುದು? ಅದು ಅವರ ಬಾಲ್ಯದ ಸಿನಗಾಗಿನಿಂದ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಿಂದ ಬಂದದ್ದು. ಪುರೋಹಿತ ವಂಶದವರು ಜನರನ್ನು ಹರಸುವಾಗ ಎರಡೂ ಕೈಗಳಲ್ಲಿ ಆ ಮುದ್ರೆ ಹಿಡಿಯುತ್ತಾರೆ. ಆಗ ಯಾರೂ ನೋಡಬಾರದು, ಕಣ್ಣು ಮುಚ್ಚಿಕೋ ಅಂತ ಅಪ್ಪ ಹೇಳಿದ್ದರಂತೆ. ಹುಡುಗ ಇಣುಕಿ ನೋಡಿದ. ಮುಂದೆ 1967ರಲ್ಲಿ 'ಅಮಾಕ್ ಟೈಮ್' ಕಂತಿನ ಚಿತ್ರೀಕರಣದಲ್ಲಿ, ವಲ್ಕನ್ ಜನ ಭೇಟಿಯಾದಾಗ ಏನಾದರೂ ಮಾಡಬೇಕಲ್ಲ ಅನ್ನಿಸಿದಾಗ ಆ ಕೈ ನೆನಪಾಯಿತು. ಜೊತೆಗಿನ ಮಾತು ನಿಮಗೆಲ್ಲ ಬಾಯಿಪಾಠ. ನಮ್ಮ ಮಾತಲ್ಲಿ ಹೇಳುವುದಾದರೆ 'ನೂರ್ಕಾಲ ಚೆನ್ನಾಗಿ ಬಾಳು' ಅಂತ.

ಅದೇ ದೃಶ್ಯದಲ್ಲಿ ವಲ್ಕನ್ನರ ಹಿರಿಯಳಾಗಿ ಸೀಲಿಯಾ ಲೋವ್‌ಸ್ಕಿ ಅಂತ ವಯಸ್ಸಾದ ನಟಿ ಇದ್ದಾರೆ. ಅವರಿಗೆ ಆ ಮುದ್ರೆ ಏನು ಮಾಡಿದರೂ ಬರಲಿಲ್ಲ. ಕ್ಯಾಮೆರಾಕ್ಕೆ ಕಾಣದ ಹಾಗೆ, ಕೆಳಗೆ, ಇನ್ನೊಂದು ಕೈಯಿಂದ ಬೆರಳುಗಳನ್ನು ಜೋಡಿಸಿಕೊಂಡು, ಹಾಗೇ ಹಿಡಿದು ಮೇಲಕ್ಕೆತ್ತಿದರು. ಇನ್ನೊಮ್ಮೆ ನೋಡುವಾಗ ಗಮನಿಸಿ. ಮುಂದಿನ ಸಾಲಿನಲ್ಲಿ ಒಂದು ಪುಟ್ಟಿ ಈಗಲೇ ಪ್ರಯತ್ನ ಶುರು ಮಾಡಿದ್ದಾಳೆ. ಮಾಡು ಪುಟ್ಟಿ, ನಾನು ಮುಗಿಸುವಷ್ಟರಲ್ಲಿ ಬಂದೇ ಬರುತ್ತೆ.

ಈಗ ಸರಣಿಯೊಳಗೇ ಇರುವ ಒಂದು ಕಾಗದದ ಬಗ್ಗೆ ಹೇಳುತ್ತೇನೆ. ನಾಲ್ಕರ ಲೆಕ್ಕದಲ್ಲಿ ಇದು ಇರಲಿಲ್ಲ. ಆದರೆ ಹೇಳದೇ ಹೋದರೆ ನನಗೆ ಸಮಾಧಾನ ಇಲ್ಲ. 1967ರ ಮಾರ್ಚ್ 9ರಂದು ಪ್ರಸಾರವಾದ 'ದಿ ಡೆವಿಲ್ ಇನ್ ದಿ ಡಾರ್ಕ್' ಕಂತು. ಒಂದು ಗಣಿಯ ಗ್ರಹ. ಸುರಂಗದಲ್ಲಿ ಏನೋ ಒಂದು ಪ್ರಾಣಿ ಕಾರ್ಮಿಕರನ್ನು ಸುಟ್ಟು ಕೊಲ್ಲುತ್ತಿದೆ. ಕಲ್ಲಿನಂಥ ಮೈ, ಕಲ್ಲನ್ನೇ ಕೊರೆದು ಓಡಾಡುತ್ತದೆ. ಹಾರ್ಟಾ ಅಂತ ಅದರ ಹೆಸರು. ಕೊಂದುಬಿಡಿ ಅಂತ ಎಲ್ಲರೂ ಕೂಗುತ್ತಿದ್ದಾರೆ. ಗಾಯಗೊಂಡ ಪ್ರಾಣಿ ಕರ್ಕ್‌ನ ಎದುರಿಗೆ ಬಂದು ನಿಲ್ಲುತ್ತದೆ. ಕರ್ಕ್ ಕೈಯಲ್ಲಿ ಆಯುಧ ಇದೆ. ಅವನು ಸುಡುವುದಿಲ್ಲ. ಸ್ಪಾಕ್ ಬಂದು ಅದರ ಮನಸ್ಸನ್ನು ಮುಟ್ಟುತ್ತಾನೆ. ನೋವು, ನೋವು ಅಂತ ಅವನೇ ಚೀರುತ್ತಾನೆ. ಆಗ ಆ ಪ್ರಾಣಿ ಪಕ್ಕಕ್ಕೆ ಸರಿಯುತ್ತದೆ. ಅದು ಕೂತಿದ್ದ ಬಂಡೆಯ ಮೇಲೆ ಮೂರು ಪದ ಸುಟ್ಟು ಮೂಡಿವೆ. ನೋ ಕಿಲ್ ಐ.

ಕೊಲ್ಲ ಬೇಡ ನಾನು. ವ್ಯಾಕರಣ ಇಲ್ಲ. ಭಾಷೆ ಕಲಿತೇ ಒಂದು ಕ್ಷಣ ಆಗಿದೆ, ಎಲ್ಲಿಂದ ವ್ಯಾಕರಣ ಬರಬೇಕು? ಕರ್ಕ್ ಅದನ್ನು ಓದಿ ಯೋಚಿಸುತ್ತಾನೆ. ನನ್ನನ್ನು ಕೊಲ್ಲಬೇಡಿ ಅಂತ ಬೇಡಿಕೊಳ್ಳುತ್ತಿದೆಯೋ, ನಾನು ನಿಮ್ಮನ್ನು ಕೊಲ್ಲುವುದಿಲ್ಲ ಅಂತ ಮಾತು ಕೊಡುತ್ತಿದೆಯೋ? ಎರಡೂ ಆಗುತ್ತದೆ. ನಾನು ಆ ಕಂತನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲ ಆ ಬಂಡೆ ಬಂದಾಗ ಗಂಟಲು ಕಟ್ಟುತ್ತದೆ. ಒಳಗೆ ಒಬ್ಬ ಸ್ಟಂಟ್ ಕಲಾವಿದ ರಬ್ಬರ್ ಹೊದ್ದು ತೆವಳುತ್ತಿದ್ದಾನೆ ಅಂತ ಚೆನ್ನಾಗಿ ಗೊತ್ತು. ಆದರೂ ಕಟ್ಟುತ್ತದೆ.

ಅದು ತಾಯಿ ಅಂತ ಆಮೇಲೆ ಗೊತ್ತಾಗುತ್ತದೆ. ಸುರಂಗದಲ್ಲಿ ಸಿಗುತ್ತಿದ್ದ ದುಂಡು ಕಲ್ಲುಗಳು ಅದರ ಮೊಟ್ಟೆ. ಕಾರ್ಮಿಕರು ಗೊತ್ತಿಲ್ಲದೆ ಅವನ್ನು ಒಡೆದು ಹಾಕುತ್ತಿದ್ದರು. ಈಗ ಗಾಯ ವಾಸಿ ಮಾಡಬೇಕು. ಡಾಕ್ಟರ್ ಮೆಕಾಯ್ ಬರುತ್ತಾನೆ. ಇದು ಕಲ್ಲು ಕಣಯ್ಯಾ, ನಾನು ಡಾಕ್ಟರು, ಗಾರೆಯವನಲ್ಲ ಅಂತ ರೇಗುತ್ತಾನೆ. ರೇಗಿಕೊಂಡೇ ಕೂತು, ಹಡಗಿನಿಂದ ಕಟ್ಟಡಕ್ಕೆ ಬಳಸುವ ಕಾಂಕ್ರೀಟ್ ತರಿಸಿ, ಗಾಯಕ್ಕೆ ಮೆತ್ತುತ್ತಾನೆ. ಕರಣೆ ಹಿಡಿದ ಡಾಕ್ಟರು! ವಾಸಿಯಾದ ಮೇಲೆ ಅವನ ಮುಖ ನೋಡಬೇಕು ನೀವು. ಕೈಯೆಲ್ಲ ಸಿಮೆಂಟು, ಮುಖದ ತುಂಬ ಸಂತೋಷ.

ಜನ ಇವರನ್ನು ಯಾಕೆ ಇಷ್ಟು ಹಚ್ಚಿಕೊಂಡರು ಅಂತ ಯೋಚಿಸಿದಾಗೆಲ್ಲ ನನಗೆ ಇದೇ ದೃಶ್ಯ ಬರುತ್ತದೆ. ಇವರು ಕೂಗಿದರೆ ಓ ಅನ್ನುವ ಜನ. ಬಂಡೆ ಕೂಗಿದರೂ ನಿಲ್ಲುತ್ತಾರೆ. ತಮ್ಮ ಕೆಲಸ ಬಲ್ಲವರು, ಒಬ್ಬರಿಗೊಬ್ಬರು ಬೈದುಕೊಂಡೇ ಜೊತೆಗಿರುವವರು. ಇಂಥವರಿಗೆ ಕಾಗದ ಬರೆಯಬೇಕು ಅಂತ ಅನ್ನಿಸದಿದ್ದರೇ ಆಶ್ಚರ್ಯ, ಅಲ್ವಾ?

ಎರಡನೇ ಕಾಗದ ಒಂದಲ್ಲ, ಲಕ್ಷ. ಎರಡನೇ ಸೀಸನ್ ನಡೆಯುತ್ತಿರುವಾಗ ಸರಣಿ ನಿಲ್ಲುತ್ತದೆ ಅನ್ನುವ ಸುದ್ದಿ ಹಬ್ಬಿತು. ಬ್ಜೋ ಟ್ರಿಂಬಲ್ ಮತ್ತು ಜಾನ್ ಟ್ರಿಂಬಲ್ ಅಂತ ಅಭಿಮಾನಿ ದಂಪತಿ. ಅವರ ಹತ್ತಿರ ಕಂಪ್ಯೂಟರ್ ಇಲ್ಲ, ದುಡ್ಡಿಲ್ಲ, ದೊಡ್ಡವರ ಪರಿಚಯ ಇಲ್ಲ. ವಿಜ್ಞಾನ ಕಥೆ ಓದುಗರ ವಿಳಾಸಗಳ ಪಟ್ಟಿ ಇತ್ತು, ಅಂಚೆ ಇತ್ತು. ಎಲ್ಲರಿಗೂ ಒಂದು ಸೂಚನೆ ಕಳಿಸಿದರು. ನೀವು ವಾಹಿನಿಗೆ ಕಾಗದ ಬರೆಯಿರಿ, ಹತ್ತು ಜನರಿಗೆ ಬರೆಯಲು ಹೇಳಿ, ಆ ಹತ್ತು ಜನಕ್ಕೆ ಇನ್ನು ಹತ್ತು ಜನರಿಗೆ ಹೇಳಲು ಹೇಳಿ. ಒಂದೇ ಕರಡನ್ನು ನಕಲು ಮಾಡಬೇಡಿ. ನಿಮ್ಮ ಮಾತಲ್ಲಿ ಬರೆಯಿರಿ.

ಆ ಕೊನೆಯ ಸೂಚನೆ ತುಂಬ ಮುಖ್ಯ. ಸಾವಿರ ಸಹಿ ಇರುವ ಮನವಿ ಬಂದರೆ ಕಚೇರಿಯವರು ಒಂದು ಅಂತ ಎಣಿಸಿ ಪಕ್ಕಕ್ಕಿಡಬಹುದು. ಸಾವಿರ ಕಾಗದ ಬಂದರೆ ಒಬ್ಬರು ಕೂತು ಒಡೆಯಲೇಬೇಕು. ಒಂದರ ಹಾಗೆ ಇನ್ನೊಂದು ಇಲ್ಲ. ಮನೆಯವರೆಲ್ಲ ಕೂತು ನೋಡುತ್ತೇವೆ ಅಂತ ಒಂದು. ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ, ವಾರದಲ್ಲಿ ಇದೊಂದೇ ನೋಡುವುದು ಅಂತ ಇನ್ನೊಂದು. 1968ರ ಜನವರಿಯಲ್ಲಿ ಕ್ಯಾಲ್ಟೆಕ್ ವಿದ್ಯಾರ್ಥಿಗಳು ಫಲಕ ಹಿಡಿದು ಬರ್ಬ್ಯಾಂಕಿನಲ್ಲಿರುವ ಎನ್‌ಬಿಸಿ ಕಟ್ಟಡಕ್ಕೇ ಮೆರವಣಿಗೆ ಹೋದರು. ಕಾಗದಗಳು ಲಕ್ಷ ದಾಟಿದವು. ಕಡೆಗೆ ಮಾರ್ಚ್ 1ರ ರಾತ್ರಿ ಕಂತು ಮುಗಿದ ಮೇಲೆ ತೆರೆಯ ಮೇಲೆಯೇ ಘೋಷಣೆ ಬಂತು. ಸ್ಟಾರ್ ಟ್ರೆಕ್ ಮುಂದುವರಿಯುತ್ತದೆ ಅಂತ. ಆಮೇಲೆ ಏನಾಯಿತು? ಧನ್ಯವಾದ ಹೇಳಿ ಮತ್ತೆ ರಾಶಿ ರಾಶಿ ಕಾಗದ ಬಂತು! ಪಾಪ ಆ ಕಚೇರಿಯ ಜನ.

ಮೂರನೇ ಸೀಸನ್‌ಗೆ ಶುಕ್ರವಾರ ರಾತ್ರಿ 10 ಗಂಟೆ ಕೊಟ್ಟರು. ಸರಣಿ ನೋಡುವ ಹುಡುಗ ಹುಡುಗಿಯರೆಲ್ಲ ಹೊರಗೆ ಹೋಗಿರುವ ಹೊತ್ತು. ಖರ್ಚಿಗೂ ಕತ್ತರಿ ಬಿತ್ತು. ಮರುವರ್ಷ ನಿಂತೇಹೋಯಿತು. ಹಾಗಾದರೆ ಕಾಗದ ಬರೆದವರು ಸೋತರಾ ಅಂತ ನನ್ನನ್ನು ಎಷ್ಟೋ ಜನ ಕೇಳಿದ್ದಾರೆ. ಇಲ್ಲ. ಆ ಕೊನೆಯ ಸೀಸನ್ ಬಂದಿದ್ದರಿಂದಲೇ 79 ಕಂತು ಆಯಿತು. ಊರೂರಿನ ಸಣ್ಣ ಟಿವಿ ಕೇಂದ್ರಗಳು ದಿನಾ ಒಂದರಂತೆ ಮರುಪ್ರಸಾರ ಮಾಡುವಷ್ಟು ಸರಕು ಸಿಕ್ಕಿತು. ಎಪ್ಪತ್ತರ ದಶಕದಲ್ಲಿ ಶಾಲೆಯಿಂದ ಬಂದು ಚೀಲ ಎಸೆದ ಮಕ್ಕಳು ನೋಡಿದ್ದು ಅದನ್ನೇ. 1972ರ ಜನವರಿಯಲ್ಲಿ ನ್ಯೂಯಾರ್ಕಿನ ಸ್ಟ್ಯಾಟ್ಲರ್ ಹಿಲ್ಟನ್ ಹೋಟೆಲಿನಲ್ಲಿ ಅಭಿಮಾನಿಗಳು ಸಮ್ಮೇಳನ ಇಟ್ಟರು. ಕೆಲವು ನೂರು ಜನ ಬರಬಹುದು ಅಂದುಕೊಂಡಿದ್ದರು. ಬಂದವರು 3000ಕ್ಕೂ ಜಾಸ್ತಿ. ನಿಂತು ಎರಡೂವರೆ ವರ್ಷವಾಗಿದ್ದ ಸರಣಿಗೆ!

ಸೈಕ್ಲೋಸ್ಟೈಲ್ ಪತ್ರಿಕೆಗಳ ಬಗ್ಗೆಯೂ ಹೇಳಬೇಕು. 1967ರಲ್ಲೇ 'ಸ್ಪಾಕನೇಲಿಯಾ' ಅಂತ ಒಂದು ಪತ್ರಿಕೆ ಬಂತು. ಅಭಿಮಾನಿಗಳೇ ಟೈಪ್ ಮಾಡಿ, ಮಸಿ ಬಳಿದು, ಮಡಚಿ, ಪಿನ್ ಹೊಡೆದು ಕಳಿಸುತ್ತಿದ್ದದ್ದು. ಇಂಥ ಪತ್ರಿಕೆಗಳಿಗೆ ಬರೆದವರಲ್ಲಿ ಬಹುಪಾಲು ಹೆಂಗಸರು. ಅವರೇ ಹೊಸ ಕಥೆ ಕಟ್ಟಿದರು, ವಲ್ಕನ್ನರ ಮನೆ ಮಾತು, ನಂಬಿಕೆ, ನಂಟಸ್ತನ ಎಲ್ಲ ಊಹಿಸಿದರು. ನಟರಲ್ಲಿ ಕೆಲವರು ಆ ಪತ್ರಿಕೆಗೆ ತಮ್ಮ ಪಾತ್ರದ ಹೆಸರಲ್ಲೇ ಕಾಗದ ಬರೆದರು. ನೋಡಿ, ಮತ್ತೆ ಉತ್ತರ ಬಂತು.

ಮೂರನೆಯದಕ್ಕೆ ಬರುತ್ತೇನೆ. ಇದು ನನಗೆ ಎಲ್ಲಕ್ಕಿಂತ ಹತ್ತಿರದ್ದು. ಸ್ವಲ್ಪ ನಿಧಾನವಾಗಿ ಹೇಳಲು ಬಿಡಿ.

ಸ್ಕಾಟಿ ಗೊತ್ತಲ್ಲ, ಹಡಗಿನ ಇಂಜಿನಿಯರ್. ಆ ಪಾತ್ರ ಮಾಡಿದವರು ಕೆನಡಾದ ಜೇಮ್ಸ್ ಡೂಹನ್. 1944ರ ಜೂನ್ 6ರಂದು, ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ನಾರ್ಮಂಡಿಯ ಜೂನೋ ತೀರದಲ್ಲಿ ಇಳಿದ ಕೆನಡಾ ಸೈನಿಕರಲ್ಲಿ ಅವರೂ ಒಬ್ಬರು. ಆ ರಾತ್ರಿ ಆರು ಗುಂಡು ಬಿದ್ದವು. ಕಾಲಿಗೆ ನಾಲ್ಕು. ಎದೆಗೆ ಬಂದದ್ದು ಜೇಬಿನಲ್ಲಿದ್ದ ಸಿಗರೇಟ್ ಡಬ್ಬಿಗೆ ಬಡಿದು ನಿಂತಿತು. ಇನ್ನೊಂದು ಬಲಗೈಯ ನಡುಬೆರಳನ್ನು ತೆಗೆದುಕೊಂಡು ಹೋಯಿತು. ಸರಣಿಯುದ್ದಕ್ಕೂ ಆ ಕೈಯನ್ನು ಮರೆಮಾಡುತ್ತಿದ್ದರು. 'ದಿ ಟ್ರಬಲ್ ವಿತ್ ಟ್ರಿಬಲ್ಸ್' ಕಂತಿನಲ್ಲಿ ಸ್ಕಾಟಿ ಆ ರೋಮದ ಉಂಡೆಗಳನ್ನು ತೋಳು ತುಂಬ ಅಪ್ಪಿಕೊಂಡು ಬರುತ್ತಾನಲ್ಲ, ಆಗ ಕೈ ನೋಡಿ. ಬೆರಳಿಲ್ಲದ ಜಾಗ ಕಾಣುತ್ತದೆ. ನನಗೆ ಅದು ಕಂಡ ದಿನದಿಂದ ಸ್ಕಾಟಿ ಬೇರೆಯೇ ಮನುಷ್ಯ ಆಗಿಬಿಟ್ಟ.

ಡೂಹನ್ ಅವರಿಗೆ ಒಂದು ದಿನ ಒಬ್ಬ ಅಭಿಮಾನಿ ಹುಡುಗಿಯಿಂದ ಕಾಗದ ಬಂತು. ಬದುಕು ಸಾಕಾಗಿದೆ, ಮುಗಿಸಿಕೊಳ್ಳುತ್ತೇನೆ ಅಂತ ಇತ್ತು ಅದರಲ್ಲಿ. ಯೋಚನೆ ಮಾಡಿ. ಮನೆಯವರಿಗೆ, ಗೆಳತಿಯರಿಗೆ ಹೇಳಲಾರದ ಮಾತನ್ನು ಅವಳು ಸ್ಕಾಟಿಗೆ ಹೇಳಿದಳು. ಎಲ್ಲ ಕೆಟ್ಟುನಿಂತಾಗ ಹೇಗೋ ಸರಿ ಮಾಡುವವನು ಅವನೇ ತಾನೇ. ಡೂಹನ್ ಏನು ಮಾಡಬಹುದಿತ್ತು? ಇದು ನನ್ನ ಕೆಲಸವಲ್ಲ, ನಾನೊಬ್ಬ ನಟ ಅಂದುಕೊಂಡು ಸುಮ್ಮನಾಗಬಹುದಿತ್ತು. ಯಾರೂ ತಪ್ಪು ಅನ್ನುತ್ತಿರಲಿಲ್ಲ.

ಅವರು ಫೋನ್ ಮಾಡಿದರು. ನಾನು ಜಿಮ್ಮಿ ಡೂಹನ್, ಸ್ಟಾರ್ ಟ್ರೆಕ್‌ನ ಸ್ಕಾಟಿ. ಇಂಡಿಯಾನಾಪೊಲಿಸ್‌ನಲ್ಲಿ ಒಂದು ಸಮ್ಮೇಳನ ಇದೆ, ನೀನು ಅಲ್ಲಿಗೆ ಬರಬೇಕು, ನಿನ್ನನ್ನು ನೋಡಬೇಕು ಅಂದರು. ಗಮನಿಸಿ, ಬುದ್ಧಿ ಹೇಳಲಿಲ್ಲ. ಬಾ ಅಂದರು. ಒಂದು ತಾರೀಕು, ಒಂದು ಊರು ಕೊಟ್ಟರು. ಅವಳು ಬಂದಳು. ಅವಳನ್ನು ನೋಡಿ ಅವರಿಗೆ ಗಾಬರಿಯಾಯಿತಂತೆ, ಅಷ್ಟು ಕುಸಿದಿದ್ದಳು. ಎರಡು ವಾರ ಬಿಟ್ಟು ಸೇಂಟ್ ಲೂಯಿಸ್‌ನಲ್ಲಿ ಇದ್ದೇನೆ, ಅಲ್ಲಿಗೂ ಬಾ ಅಂದರು. ಬಂದಳು. ಮತ್ತೆ ಎರಡು ವಾರಕ್ಕೆ ಇನ್ನೊಂದು ಊರು. ಹೀಗೇ ಎರಡು ಮೂರು ವರ್ಷ ನಡೆಯಿತು. ಮುಂದಿನ ಭೇಟಿಯವರೆಗೆ ಇರಬೇಕು. ಅಲ್ಲಿಗೆ ಹೋದರೆ ಅದರ ಮುಂದಿನ ಭೇಟಿಯವರೆಗೆ ಇರಬೇಕು. ಕೆಟ್ಟ ಇಂಜಿನ್ನನ್ನು ಮುಂದಿನ ಬಂದರು ಮುಟ್ಟುವವರೆಗೆ ನಡೆಸುತ್ತಾರಲ್ಲ, ಹಾಗೆ. ಸ್ಕಾಟಿಯ ಕೆಲಸವೇ ಅದು!

ಆಮೇಲೆ ಇದ್ದಕ್ಕಿದ್ದ ಹಾಗೆ ಅವಳ ಸುದ್ದಿ ನಿಂತುಹೋಯಿತು. ಕಾಗದ ಇಲ್ಲ, ಸಮ್ಮೇಳನಕ್ಕೂ ಬರಲಿಲ್ಲ. ಏನಾದಳೋ ಅಂತ ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಎಂಟು ವರ್ಷ. ಎಂಟು ವರ್ಷ ಆದ ಮೇಲೆ ಒಂದು ಕಾಗದ ಬಂತು. ನೀವು ನನಗಾಗಿ ಮಾಡಿದ್ದಕ್ಕೆ ತುಂಬ ಥ್ಯಾಂಕ್ಸ್, ನಾನೀಗ ಎಲೆಕ್ಟ್ರಾನಿಕ್ ಇಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್ ಡಿಗ್ರಿ ಮುಗಿಸಿದೆ ಅಂತ.

ಇಂಜಿನಿಯರಿಂಗ್ ಕಣ್ರೀ! ಸ್ಕಾಟಿಯ ಕೆಲಸವನ್ನೇ ಕಲಿತಳು.

ಇದನ್ನು ಡೂಹನ್ ಅವರೇ ಕ್ಯಾಮೆರಾ ಮುಂದೆ ಹೇಳಿದ್ದಾರೆ. ನಾನು ಬದುಕಿನಲ್ಲಿ ಮಾಡಿದ ಎಲ್ಲಕ್ಕಿಂತ ಒಳ್ಳೆಯ ಕೆಲಸ ಇದು ಅಂತ ಹೇಳುವಾಗ ಅವರ ದನಿ ಒಡೆಯುತ್ತದೆ. ನಾನು ಮೊದಲ ಸಲ ನೋಡಿದಾಗ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಮೂರನೇ ಸಾಲಿನ ಗೆಳೆಯ, ಪ್ರೀತಿ ಎಲ್ಲಿಗೆ ಹೋಗುತ್ತೆ ಅಂತ ಕೇಳಿದೆಯಲ್ಲ? ಇಂಡಿಯಾನಾಪೊಲಿಸ್‌ಗೆ ಹೋಯಿತು, ಸೇಂಟ್ ಲೂಯಿಸ್‌ಗೆ ಹೋಯಿತು, ಒಂದು ಇಂಜಿನಿಯರಿಂಗ್ ಕಾಲೇಜಿಗೆ ಹೋಯಿತು. ಸ್ಕಾಟಿಯನ್ನು ನೋಡಿ ಇಂಜಿನಿಯರ್ ಆದವರು ಎಷ್ಟು ಜನ ಇದ್ದರೆಂದರೆ, ಮಿಲ್ವಾಕಿ ಸ್ಕೂಲ್ ಆಫ್ ಇಂಜಿನಿಯರಿಂಗ್ ಡೂಹನ್ ಅವರನ್ನು ಕರೆದು ಗೌರವ ಪದವಿ ಕೊಟ್ಟಿತು. 2004ರಲ್ಲಿ, ಅವರಿಗೆ ಮೈಯಲ್ಲಿ ಹುಷಾರಿಲ್ಲದಾಗ, ಅಭಿಮಾನಿಗಳು ಅವರಿಗೊಂದು ಬೀಳ್ಕೊಡುಗೆ ಸಮಾರಂಭ ಮಾಡಿದರು. ಅಲ್ಲಿ ಥ್ಯಾಂಕ್ಸ್ ಹೇಳಲು ಯಾರು ಬಂದಿದ್ದರು ಗೊತ್ತಾ? ನೀಲ್ ಆರ್ಮ್‌ಸ್ಟ್ರಾಂಗ್! ಚಂದ್ರನ ಮೇಲೆ ನಡೆದ ಇಂಜಿನಿಯರು, ಇಲ್ಲದ ಹಡಗಿನ ಇಂಜಿನಿಯರಿಗೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಹತ್ತು ನಿಮಿಷ ಅಂತ. ಸರಿ, ಬೇಗ ಬೇಗ ಹೇಳುತ್ತೇನೆ.

ಊಹೂರಾ ಬಗ್ಗೆ ನಿಮಗೆ ಗೊತ್ತು. ಆ ಪಾತ್ರ ಮಾಡಿದ ಕಪ್ಪು ನಟಿ ನಿಶೆಲ್ ನಿಕಲ್ಸ್ ಮೊದಲ ಸೀಸನ್ ಆದ ಮೇಲೆ ರಾಜೀನಾಮೆ ಕೊಟ್ಟಿದ್ದರು. ಆ ವಾರದ ಕೊನೆಗೆ ಒಂದು ಸಮಾರಂಭದಲ್ಲಿ, ನಿಮ್ಮ ದೊಡ್ಡ ಅಭಿಮಾನಿ ಒಬ್ಬರು ನೋಡಬೇಕಂತೆ ಅಂದರು. ತಿರುಗಿ ನೋಡಿದರೆ ಮಾರ್ಟಿನ್ ಲೂಥರ್ ಕಿಂಗ್. ನಮ್ಮ ಮಕ್ಕಳಿಗೆ ರಾತ್ರಿ ಎಚ್ಚರವಿದ್ದು ನೋಡಲು ಬಿಡುವ ಒಂದೇ ಕಾರ್ಯಕ್ರಮ ಇದು, ನೀವು ಬಿಡುವ ಹಾಗಿಲ್ಲ ಅಂದರು. ನಿಕಲ್ಸ್ ಉಳಿದರು. ಇದನ್ನೆಲ್ಲ ನೀವು ಕೇಳಿದ್ದೀರಿ. ನಾನು ಸೇರಿಸಬೇಕಾದ್ದು ಒಂದೇ. ಊಹೂರಾಳ ಕೆಲಸ ಏನು? ಕಿವಿಗೆ ಆ ಬೆಳ್ಳಿ ಬಣ್ಣದ ಸಾಧನ ಹಚ್ಚಿಕೊಂಡು ಕೂತು, ಎಲ್ಲಿಂದ ಕರೆ ಬಂದರೂ ಕೇಳಿಸಿಕೊಳ್ಳುವುದು. ಉತ್ತರ ಕೊಡುವುದು. ಹಡಗಿನಲ್ಲಿ ಅದಕ್ಕೇ ಒಂದು ಕುರ್ಚಿ ಇದೆ, ಅದರಲ್ಲಿ ಅವಳು ಕೂತಿದ್ದಾಳೆ. 1977ರಲ್ಲಿ ನಾಸಾ ಹೊಸ ಗಗನಯಾತ್ರಿಗಳಿಗಾಗಿ ಹುಡುಕುವಾಗ ನಿಕಲ್ಸ್ ಊರೂರು ಸುತ್ತಿ, ನೀವೂ ಅರ್ಜಿ ಹಾಕಿ ಅಂತ ಹೆಂಗಸರನ್ನು, ಕಪ್ಪು ಜನರನ್ನು ಕರೆದರು. 1978ರ ತಂಡದ 35 ಜನರಲ್ಲಿ ಆರು ಹೆಂಗಸರು, ಮೂರು ಕಪ್ಪು ಜನ. ಅದಕ್ಕೂ ಮೊದಲು ಮನೆಯ ಟಿವಿಯಲ್ಲಿ ಊಹೂರಾಳನ್ನು ನೋಡುತ್ತಿದ್ದ ಹುಡುಗಿ ಮೇ ಜೆಮಿಸನ್ 1992ರ ಸೆಪ್ಟೆಂಬರ್‌ನಲ್ಲಿ ಎಂಡೆವರ್ ನೌಕೆಯಲ್ಲಿ ಹೋದರು. ಬಾಹ್ಯಾಕಾಶ ಮುಟ್ಟಿದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ. ಪ್ರತಿ ಪಾಳಿ ಶುರುವಾದಾಗ ಭೂಮಿಗೆ ಅವರು ಹೇಳುತ್ತಿದ್ದ ಮಾತು ಊಹೂರಾಳದ್ದು. ಕರೆಯ ದಾರಿ ತೆರೆದಿದೆ ಅಂತ.

ನಾಲ್ಕನೇ ಕಾಗದ. ನಾಸಾದ ಮೊದಲ ಷಟಲ್ ನೌಕೆಗೆ ಕಾನ್‌ಸ್ಟಿಟ್ಯೂಷನ್ ಅಂತ ಹೆಸರಿಡುವವರಿದ್ದರು. ಅಭಿಮಾನಿಗಳು ಅಮೆರಿಕದ ಅಧ್ಯಕ್ಷ ಫೋರ್ಡ್ ಅವರಿಗೆ ಬರೆದರು, ಬರೆದರು, ಬರೆದರು. ಹೆಸರು ಎಂಟರ್‌ಪ್ರೈಸ್ ಆಯಿತು, ಕರ್ಕ್‌ನ ಹಡಗಿನ ಹೆಸರೇ. 1976ರ ಸೆಪ್ಟೆಂಬರ್ 17ರಂದು ಕ್ಯಾಲಿಫೋರ್ನಿಯಾದ ಪಾಮ್‌ಡೇಲ್‌ನಲ್ಲಿ ಅದು ಹೊರಗೆ ಬಂದಾಗ ಸ್ಪಾಕ್, ಮೆಕಾಯ್, ಸ್ಕಾಟಿ, ಊಹೂರಾ, ಸುಲು, ಚೆಕಾವ್ ಎಲ್ಲ ಸಾಲಾಗಿ ನಿಂತಿದ್ದರು. ಆ ಫೋಟೋ ಹುಡುಕಿ ನೋಡಿ. ಆ ನೌಕೆ ಬಾಹ್ಯಾಕಾಶಕ್ಕೆ ಹೋಗಲಿಲ್ಲ, ಹಾರಾಟ ಮತ್ತು ಇಳಿಯುವ ಪರೀಕ್ಷೆಗಳಿಗೆ ಮಾತ್ರ ಬಳಸಿದರು. ಈಗ ನ್ಯೂಯಾರ್ಕಿನ ಮ್ಯೂಸಿಯಂನಲ್ಲಿದೆ. ಸರಣಿಯಲ್ಲಿ ಬಳಸಿದ ಹನ್ನೊಂದು ಅಡಿಯ ಹಡಗಿನ ಮಾದರಿ ವಾಷಿಂಗ್ಟನ್ನಿನ ಮ್ಯೂಸಿಯಂನಲ್ಲಿ, ನಿಜವಾಗಿ ಹಾರಿದ ವಿಮಾನಗಳ ಜೊತೆಗೆ. ಅದರ ಕಥೆ ಇನ್ನೊಂದು ದಿನ.

ಕೆನಡಾದ ಐದು ಡಾಲರ್ ನೋಟಿನ ಮಾತು ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ. ಹಳೆಯ ನೋಟಿನಲ್ಲಿ ಅಲ್ಲಿನ ಹಿಂದಿನ ಪ್ರಧಾನಿ ಲೋರಿಯೇ ಅವರ ಚಿತ್ರ ಇತ್ತು. ಜನ ಪೆನ್ ಹಿಡಿದು ಅದಕ್ಕೆ ಚೂಪು ಕಿವಿ, ಹುಬ್ಬು, ಸ್ಪಾಕ್‌ನ ಕ್ರಾಪು ಬರೆಯುತ್ತಿದ್ದರು! ದಯವಿಟ್ಟು ಹೀಗೆ ಮಾಡಬೇಡಿ, ನೋಟಿಗೆ ಒಂದು ಗೌರವ ಇದೆ ಅಂತ ಅಲ್ಲಿನ ಕೇಂದ್ರ ಬ್ಯಾಂಕೇ ಹೇಳಬೇಕಾಯಿತು. 2015ರಲ್ಲಿ ನಿಮೊಯ್ ತೀರಿಕೊಂಡಾಗ ಇದು ಇನ್ನೂ ಜಾಸ್ತಿಯಾಯಿತು.

ಅದೇ ಹೊತ್ತಿನ ಇನ್ನೊಂದು ಚಿತ್ರ ಹೇಳಿ ಮುಗಿಸುತ್ತೇನೆ. ನಿಮೊಯ್ ಹೋದದ್ದು ಫೆಬ್ರುವರಿ 27ಕ್ಕೆ, 83ನೇ ವಯಸ್ಸಿನಲ್ಲಿ. ಮರುದಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಗಗನಯಾತ್ರಿ ಟೆರಿ ವರ್ಟ್ಸ್ ಒಂದು ಫೋಟೋ ಕಳಿಸಿದರು. ಮಾತಿಲ್ಲ, ಬರಹ ಇಲ್ಲ. ಕಿಟಕಿ. ಕಿಟಕಿಯ ಮುಂದೆ ಒಂದು ಕೈ, ಬೆರಳುಗಳು ಆ ಮುದ್ರೆಯಲ್ಲಿ. ಕೆಳಗೆ ದೂರದಲ್ಲಿ ಭೂಮಿ. ನಿಲ್ದಾಣ ಆಗ ಬಾಸ್ಟನ್ನಿನ ಮೇಲೆ ಹಾದುಹೋಗುತ್ತಿತ್ತು. ಅಪ್ಪ ನೋಡಬೇಡ ಅಂದರೂ ಒಬ್ಬ ಹುಡುಗ ಇಣುಕಿ ನೋಡಿದ್ದನಲ್ಲ, ಆ ಊರಿನ ಮೇಲೆ.

ಇನ್ನೊಂದು ಚೀಟಿ ಬಂತು. ಆಯಿತು ಅಧ್ಯಕ್ಷರೇ, ಮುಗಿಯಿತು. ಒಂದೇ ನಿಮಿಷ. ಮುಂದಿನ ಸಾಲಿನ ಪುಟ್ಟಿ ಇನ್ನೂ ಬಿಟ್ಟಿಲ್ಲ. ಬರ್ತಾ ಇಲ್ವಾ? ಪರವಾಗಿಲ್ಲ ಪುಟ್ಟಿ, ಆ ಅಜ್ಜಿಗೂ ಬರಲಿಲ್ಲ ಅಂದೆನಲ್ಲ. ಕೈ ಕೆಳಗೆ ಇಳಿಸು, ಯಾರಿಗೂ ಕಾಣದ ಹಾಗೆ. ಇನ್ನೊಂದು ಕೈಯಿಂದ ಬೆರಳು ಜೋಡಿಸು. ಎರಡು ಈ ಕಡೆ, ಎರಡು ಆ ಕಡೆ. ಹೆಬ್ಬೆರಳು ಅಗಲಿಸು. ಹಾಗೇ ಹಿಡ್ಕೋ. ಈಗ ಮೇಲಕ್ಕೆತ್ತು.